ವೈರಸ್ ಔಷಧವನ್ನು ನ್ಯಾನೊಕಣದಲ್ಲಿ ಕೊಡುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮಸಿ, ಬಯೋಟೆಕ್ನಾಲಜಿ ಓದುತ್ತಿರುವವರು, ಹೊಸದಾಗಿ ಪಿಎಚ್‌ಡಿಗೆ ಸೇರಿದವರು, ಕೆಲವೊಮ್ಮೆ ವೈದ್ಯರೂ ಕೇಳುವ ಪ್ರಶ್ನೆಗಳಿವು. ಲ್ಯಾಬ್ ಕೆಲಸಕ್ಕೆ ಸಂಬಂಧಿಸಿದವಕ್ಕೆ ಉತ್ತರ ಉದ್ದವಾಗಿದೆ. ಸೋಲುವುದು ಹೆಚ್ಚಾಗಿ ಅಲ್ಲಿಯೇ.

ವೈರಸ್ಸನ್ನು ತಡೆಯುವುದು ನ್ಯಾನೊಕಣವೋ, ಅದರೊಳಗಿನ ಔಷಧವೋ?

ಬಹುಪಾಲು ಔಷಧವೇ. ನೀರಿನಲ್ಲಿ ಕರಗದ ಔಷಧವನ್ನು ಮೈಗೆ ಸೇರಿಸುವುದು, ದಾರಿಯಲ್ಲಿ ಕೆಡದಂತೆ ಕಾಯುವುದು, ಎಷ್ಟು ನಿಧಾನವಾಗಿ ಎಲ್ಲಿ ಬಿಡಬೇಕೆಂಬುದನ್ನು ಬದಲಿಸುವುದು ಕಣದ ಕೆಲಸ. ಅಪವಾದಗಳಿವೆ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಆಸ್ಟೊಡ್ರೈಮರ್ ಸೋಡಿಯಂ ಎಂಬ ಡೆಂಡ್ರೈಮರ್‌ನ (ಮರದ ಕೊಂಬೆಗಳಂತೆ ಕವಲೊಡೆದ ಅಣು) ಹೊರಮೈ ತುಂಬ ಋಣ ವಿದ್ಯುದಂಶವಿದೆ. ಅದು ತಾನೇ ವೈರಸ್‌ಗೆ ಅಂಟಿಕೊಂಡು, ವೈರಸ್ ಜೀವಕೋಶವನ್ನು ಹಿಡಿಯದಂತೆ ಅಡ್ಡ ಬರುತ್ತದೆ.

'ಕಣ ವೈರಸ್ಸಿನೊಳಗೆ ನುಗ್ಗುತ್ತದೆ' ಎಂಬ ಮಾತು ಸುದ್ದಿಗಳಲ್ಲಿ ಬರುತ್ತಿರುತ್ತದೆ. ಅಳತೆ ನೋಡಿದರೆ ಸಾಕು. ಪೋಲಿಯೊ ವೈರಸ್ ಸುಮಾರು 30 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು), ಡೆಂಗಿ 50, ಕೊರೊನಾ 100ರ ಆಸುಪಾಸು. ಔಷಧ ಹೊರುವ ಕಣಗಳು ಸಾಮಾನ್ಯವಾಗಿ 50ರಿಂದ 200 ನ್ಯಾನೊಮೀಟರ್. ಕಣ ಹೋಗಬೇಕಾದದ್ದು ಸೋಂಕು ತಗುಲಿದ ಜೀವಕೋಶದ ಒಳಕ್ಕೆ.

ಮಾತ್ರೆಗಳಿರುವಾಗ ಇಷ್ಟೆಲ್ಲ ಯಾಕೆ?

ಮಾತ್ರೆ ಸಾಕಾಗುವ ಕಡೆ ಬೇಡವೇ ಬೇಡ. ಇದನ್ನು ಸಂಶೋಧಕರು ಮೊದಲು ಒಪ್ಪಿಕೊಳ್ಳಬೇಕು. ಹರ್ಪಿಸ್‌ಗೆ ಕೊಡುವ ಅಸೈಕ್ಲೊವಿರ್ ನುಂಗಿದರೆ ರಕ್ತಕ್ಕೆ ಸೇರುವುದು ಶೇ 15ರಿಂದ 30 ಮಾತ್ರ, ಎರಡೂವರೆ ಮೂರು ಗಂಟೆಯಲ್ಲಿ ಅರ್ಧ ಹೊರಟುಹೋಗುತ್ತದೆ. ಆದ್ದರಿಂದಲೇ ದಿನಕ್ಕೆ ಐದು ಸಲ ನುಂಗಬೇಕು. ಆ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿದ್ದು ನ್ಯಾನೊಕಣವಲ್ಲ, ಅಣುವಿಗೇ ವ್ಯಾಲಿನ್ ಎಂಬ ಅಮೈನೊ ಆಮ್ಲ ಜೋಡಿಸಿದ ವಲಸೈಕ್ಲೊವಿರ್. ರಸಾಯನದಲ್ಲೇ ಉತ್ತರ ಸಿಕ್ಕರೆ ಅದು ಅಗ್ಗ, ಸರಳ.

ಕಣ ಅನಿವಾರ್ಯವಾಗುವುದು ಬೇರೆ ಕಡೆ: ಎಂಆರ್‌ಎನ್‌ಎಯಂತೆ (ಪ್ರೋಟೀನು ತಯಾರಿಸಲು ಜೀವಕೋಶಕ್ಕೆ ಸೂಚನೆ ಒಯ್ಯುವ ಅಣು) ರಕ್ತದಲ್ಲಿ ನಿಮಿಷಗಳೂ ಉಳಿಯದ ಸರಕು, ನೀರಿನಲ್ಲಿ ಕರಗದ ಅಣು, ಇಲ್ಲವೇ ವರ್ಷಗಟ್ಟಲೆ ದಿನವೂ ಮಾತ್ರೆ ನುಂಗಬೇಕಾದ ಎಚ್‌ಐವಿಯಂಥ ಸೋಂಕು.

ಇದರಲ್ಲಿ ರೋಗಿಗಳವರೆಗೆ ನಿಜವಾಗಿ ತಲುಪಿದ್ದು ಯಾವುದು?

ಎರಡು ದೊಡ್ಡ ಗೆಲುವುಗಳಿವೆ. ಒಂದು, ಕೊಬ್ಬಿನ ನ್ಯಾನೊಕಣದಲ್ಲಿ ಎಂಆರ್‌ಎನ್‌ಎ ಇಟ್ಟ ಕೋವಿಡ್ ಲಸಿಕೆಗಳು. ಅವುಗಳ ದಾರಿ ತೆರೆದದ್ದು ಅಮೆರಿಕದಲ್ಲಿ 2018ರಲ್ಲಿ ಅನುಮತಿ ಪಡೆದ ಪ್ಯಾಟಿಸಿರಾನ್ ಎಂಬ, ಆರ್‌ಎನ್‌ಎಯನ್ನು ಕೊಬ್ಬಿನ ಕಣದಲ್ಲೇ ಇಟ್ಟ ಔಷಧ, ಅದು ವೈರಸ್‌ಗೆ ಸಂಬಂಧಿಸಿದ್ದೂ ಅಲ್ಲ. ಇನ್ನೊಂದು, ಎಚ್‌ಐವಿಗೆ ಕೊಡುವ ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಚುಚ್ಚುಮದ್ದುಗಳು. ಚಿಕಿತ್ಸೆಗೆ ಜನವರಿ 2021ರಲ್ಲಿ ಅಮೆರಿಕದಲ್ಲಿ ಈ ಜೋಡಿಗೆ ಒಪ್ಪಿಗೆ ಸಿಕ್ಕಿತು. ಸೋಂಕು ತಗುಲದಂತೆ ತಡೆಯಲು ಕ್ಯಾಬೊಟೆಗ್ರಾವಿರ್ ಒಂದಕ್ಕೇ ಅದೇ ವರ್ಷ ಡಿಸೆಂಬರಿನಲ್ಲಿ.

ಆರು ತಿಂಗಳಿಗೊಮ್ಮೆ ಕೊಡುವ ಲೆನಕಪಾವಿರ್ ಅನ್ನೂ ಹಲವರು ಈ ಪಟ್ಟಿಗೆ ಸೇರಿಸುತ್ತಾರೆ. ಅದು ನ್ಯಾನೊಕಣವಲ್ಲ. ಚರ್ಮದಡಿ ಚುಚ್ಚಿದ ದ್ರಾವಣದಿಂದ ದ್ರಾವಕ ಹರಡಿಹೋದಾಗ ಔಷಧ ಅಲ್ಲೇ ಗಟ್ಟಿಯಾಗಿ ನಿಂತು, ನಿಧಾನವಾಗಿ ಕರಗುತ್ತದೆ. ದೀರ್ಘಕಾಲ ಕೆಲಸ ಮಾಡುವುದೆಲ್ಲ ನ್ಯಾನೊ ಅಲ್ಲ.

ಎರಡು ತಿಂಗಳು ಉಳಿಯುವ ಆ ಕ್ಯಾಬೊಟೆಗ್ರಾವಿರ್, ರಿಲ್ಪಿವಿರಿನ್ ಚುಚ್ಚುಮದ್ದನ್ನು ಹೇಗೆ ಮಾಡುತ್ತಾರೆ?

ನುಣ್ಣಗೆ ಅರೆದು. ಔಷಧದ ಹರಳು, ನೀರು, ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಸ್ಥಿರಕಾರಿ, ಮಿಲಿಮೀಟರಿಗಿಂತ ಚಿಕ್ಕ ಗಟ್ಟಿ ಮಣಿಗಳು, ಇಷ್ಟನ್ನೂ ಮುಚ್ಚಿದ ಗಿರಣಿಯಲ್ಲಿ ಗಂಟೆಗಟ್ಟಲೆ ತಿರುಗಿಸುತ್ತಾರೆ. ಇಡ್ಲಿ ಹಿಟ್ಟಿನ ಗ್ರೈಂಡರಿನಲ್ಲಿ ಆಗುವಂತೆ ಇಲ್ಲೂ ಅರೆಯುವಿಕೆಯಿಂದ ಬಿಸಿ ಏಳುತ್ತದೆ, ಆದ್ದರಿಂದ ಪಾತ್ರೆಯನ್ನು ಸದಾ ತಂಪಾಗಿಡಬೇಕು. ಕ್ಯಾಬೊಟೆಗ್ರಾವಿರ್‌ಗೆ ಸ್ಥಿರಕಾರಿಗಳಾಗಿ ಪಾಲಿಸಾರ್ಬೇಟ್ 20 ಮತ್ತು ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) 3350, ರಿಲ್ಪಿವಿರಿನ್‌ಗೆ ಪೊಲೊಕ್ಸಾಮರ್ 338. ಕೊನೆಗೆ ಸಿಗುವ ಹಾಲಿನಂಥ ದ್ರವದಲ್ಲಿ ಕ್ಯಾಬೊಟೆಗ್ರಾವಿರ್ ಮಿಲಿಲೀಟರಿಗೆ 200 ಮಿ.ಗ್ರಾಂ., ರಿಲ್ಪಿವಿರಿನ್ 300 ಮಿ.ಗ್ರಾಂ. ಕಣದ ತೂಕ ಹೆಚ್ಚುಕಡಿಮೆ ಪೂರ್ತಿ ಔಷಧದ್ದೇ, ಹೊರುವ ಪಾಲಿಮರ್ ಇಲ್ಲ. ಈ ವಿಧಾನದ ದೊಡ್ಡ ಬಲ ಅದು.

ಪೃಷ್ಠದ ಸ್ನಾಯುವಿಗೆ ಚುಚ್ಚಿದ ಮೇಲೆ ಹರಳುಗಳು ಅಲ್ಲೇ ಕೂತು ಸ್ವಲ್ಪ ಸ್ವಲ್ಪವೇ ಕರಗುತ್ತವೆ. ಕ್ಯಾಬೊಟೆಗ್ರಾವಿರ್ ಮಾತ್ರೆಯ ಅರ್ಧಾಯುಷ್ಯ (ರಕ್ತದಲ್ಲಿ ಔಷಧ ಅರ್ಧಕ್ಕಿಳಿಯುವ ಸಮಯ) ಸುಮಾರು 41 ಗಂಟೆ, ಚುಚ್ಚುಮದ್ದಿನದು 5.6ರಿಂದ 11.5 ವಾರ. ಮೂತ್ರಪಿಂಡ, ಪಿತ್ತಜನಕಾಂಗಗಳ ಕೆಲಸ ಬದಲಾಗಿಲ್ಲ, ಕರಗುವ ವೇಗವೇ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ.

ಕೆಡುವುದು ಎಲ್ಲಿ? ಸ್ಥಿರಕಾರಿ ಸಾಲದಿದ್ದರೆ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರುತ್ತ ಹೋಗುತ್ತವೆ, ಇಟ್ಟ ಬಾಟಲಿಯ ತಳದಲ್ಲಿ ಅಲುಗಾಡಿಸಿದರೂ ಏಳದ ಗಟ್ಟಿ ಪದರ ಕೂರುತ್ತದೆ. ಮಣಿ ಸವೆದು ಅದರ ಪುಡಿ ಔಷಧಕ್ಕೆ ಬೆರೆಯಬಹುದು. ಸೂಜಿ ಸ್ನಾಯು ಮುಟ್ಟದೆ ಕೊಬ್ಬಿನಲ್ಲೇ ನಿಂತರೆ ಹೀರಿಕೆಯ ವೇಗ ಬದಲಾಗುತ್ತದೆ, ಹಾಗಾಗಿ ದಪ್ಪ ಮೈಯವರಿಗೆ ಉದ್ದದ ಸೂಜಿ ಬೇಕು. ಎಲ್ಲಕ್ಕಿಂತ ಗಂಭೀರವಾದದ್ದು ಬಾಲ: ಚುಚ್ಚುಮದ್ದು ನಿಲ್ಲಿಸಿದ ಮೇಲೂ ಒಂದು ವರ್ಷ, ಅದಕ್ಕಿಂತ ಹೆಚ್ಚು ಕಾಲ ಅಲ್ಪ ಪ್ರಮಾಣದ ಔಷಧ ದೇಹದಲ್ಲಿರುತ್ತದೆ. ವೈರಸ್ಸನ್ನು ಪೂರ್ತಿ ತಡೆಯಲಾರದ ಆ ಮಟ್ಟದಲ್ಲಿ ಪ್ರತಿರೋಧ ಬೆಳೆಯುವ ಅಪಾಯವಿದೆ. ಚುಚ್ಚಿದ ಔಷಧವನ್ನು ಹಿಂದಕ್ಕೆ ತೆಗೆಯಲಾಗದು. ನಿಲ್ಲಿಸುವವರು ಬೇರೆ ಔಷಧಕ್ಕೆ ಬದಲಾಗಲೇಬೇಕು.

ಲ್ಯಾಬಿನಲ್ಲಿ ಮೊದಲ ಸಲ ಪಾಲಿಮರ್ ಕಣ ಮಾಡಲು ಹೊರಟಿದ್ದೇನೆ. ಎಲ್ಲಿಂದ ಶುರುಮಾಡಲಿ?

ಪಿಎಲ್‌ಜಿಎ (ದೇಹದಲ್ಲಿ ತಾನೇ ಕರಗಿಹೋಗುವ ಪಾಲಿಮರ್) ಮತ್ತು ನ್ಯಾನೊಪ್ರೆಸಿಪಿಟೇಶನ್‌ನಿಂದ (ದ್ರಾವಕದಲ್ಲಿ ಕರಗಿದ ಪಾಲಿಮರನ್ನು ನೀರಿಗೆ ಬಿಟ್ಟು ಕಣವಾಗಿಸುವ ವಿಧಾನ). ಸಲಕರಣೆ ಕಡಿಮೆ, ತಪ್ಪು ಬೇಗ ಕಾಣುತ್ತದೆ. ನೀರಿನಲ್ಲಿ ಕರಗದ, ಎಚ್‌ಐವಿಗೆ ಕೊಡುವ ಎಫಾವಿರೆನ್ಜ್‌ನಂಥ ಔಷಧ ಆರಿಸಿ. ನೀರಿಗೆ ಒಲಿಯುವ ಅಣುವನ್ನು ಹೀಗೆ ಮಾಡಿದರೆ ಅದು ಪಾಲಿಮರ್ ಬಿಟ್ಟು ನೀರಿಗೇ ಓಡುತ್ತದೆ, ಅಂಥದ್ದಕ್ಕೆ ಎರಡು ಹಂತದ ಎಮಲ್ಶನ್ ವಿಧಾನ ಬೇಕು.

50 ಮಿ.ಗ್ರಾಂ. ಪಿಎಲ್‌ಜಿಎ (ಲ್ಯಾಕ್ಟಿಕ್, ಗ್ಲೈಕೋಲಿಕ್ 50:50), 5 ಮಿ.ಗ್ರಾಂ. ಔಷಧ, ಎರಡನ್ನೂ 5 ಮಿ.ಲೀ. ಅಸಿಟೋನಿನಲ್ಲಿ ಕರಗಿಸಿ. ಬೇರೆ ಬೀಕರಿನಲ್ಲಿ 20 ಮಿ.ಲೀ. ನೀರಿಗೆ ಶೇ 1ರಷ್ಟು ಪೊಲೊಕ್ಸಾಮರ್ 188 (ಸ್ಥಿರಕಾರಿ) ಹಾಕಿ, 500 ಆರ್‌ಪಿಎಂನಲ್ಲಿ ತಿರುಗಿಸುತ್ತಿರಿ. ಸಿರಿಂಜಿನ ಸೂಜಿಯ ತುದಿ ನೀರಿನೊಳಗೆ ಮುಳುಗಿರಲಿ, ನಿಮಿಷಕ್ಕೆ 1 ಮಿ.ಲೀ.ನಂತೆ ಅಸಿಟೋನ್ ದ್ರಾವಣ ಬಿಡಿ. ನೀಲಿ ಛಾಯೆಯ ತೆಳು ಹಾಲಿನ ಬಣ್ಣ ಬಂದರೆ ಸರಿ. ಬಿಳಿ ಚೂರು ತೇಲಿದರೆ ಪಾಲಿಮರ್ ಸಾಂದ್ರತೆ ಹೆಚ್ಚಾಗಿದೆ ಇಲ್ಲವೇ ಬಿಡುವ ವೇಗ ಹೆಚ್ಚಾಗಿದೆ. ಫ್ಯೂಮ್ ಹುಡ್‌ನಲ್ಲಿ ರಾತ್ರಿಯಿಡೀ ತೆರೆದಿಟ್ಟು ತಿರುಗಿಸಿ, ಅಸಿಟೋನ್ ಆರಿಹೋಗುತ್ತದೆ. ಮುಂದೆ ಮನುಷ್ಯರಿಗೆ ಕೊಡುವ ಆಲೋಚನೆ ಇದ್ದರೆ ಉಳಿಕೆ ಅಸಿಟೋನಿನ ಮಿತಿ 5000 ಪಿಪಿಎಂ. ಡೈಕ್ಲೋರೊಮೀಥೇನ್ ಬಳಸಿದರೆ ಮಿತಿ 600ಕ್ಕೆ ಇಳಿಯುತ್ತದೆ. ದ್ರಾವಕ ಆರಿಸುವಾಗಲೇ ಇದು ತಲೆಯಲ್ಲಿರಲಿ.

ನಂತರ 1000 ಜಿ (ಗುರುತ್ವದ ಸಾವಿರ ಪಟ್ಟು) ಬಲದಲ್ಲಿ ಐದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ತಳಕ್ಕೆ ಕೂತದ್ದನ್ನು ಬೇರೆ ತೆಗೆದಿಡಿ. ಮೇಲಿನ ದ್ರವವನ್ನು 15,000ರಿಂದ 20,000 ಜಿ, 30 ನಿಮಿಷ ತಿರುಗಿಸಿ ಕಣಗಳನ್ನು ಇಳಿಸಿ, ನೀರಿನಲ್ಲಿ ಮತ್ತೆ ಹರಡಿ, ಎರಡು ಮೂರು ಸಲ ತೊಳೆಯಿರಿ. ಮೊದಲ ನಿಧಾನದ ಸುತ್ತನ್ನು ಬಿಡುವವರೇ ಹೆಚ್ಚು, ಅದರ ಫಲ ಮುಂದಿನ ಉತ್ತರದಲ್ಲಿದೆ.

ಒಣಗಿಸಬೇಕಾದರೆ ಶೇ 5ರಷ್ಟು ಟ್ರೆಹಲೋಸ್ ಸೇರಿಸಿ ಫ್ರೀಜ್ ಡ್ರೈ ಮಾಡಿ. ಸಕ್ಕರೆ ಇಲ್ಲದೆ ಒಣಗಿಸಿದ ಕಣಗಳು ಒಂದಕ್ಕೊಂದು ಕೂಡಿಕೊಂಡು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಒಣಪುಡಿಯನ್ನು ಹುಡ್‌ನೊಳಗೇ ತೂಗಿ, ಎನ್95 ಮುಖಗವಸು ಇರಲಿ.

ಶೇ 95ರಷ್ಟು ಔಷಧ ಕಣದೊಳಗೆ ಹೋಗಿದೆ ಎಂದು ಲೆಕ್ಕ ಬಂತು. ಖುಷಿಪಡಬಹುದೇ?

ಈಗಲೇ ಬೇಡ. ಮೇಲೆ ಉಳಿದ ನೀರಿನಲ್ಲಿ ಔಷಧ ಎಷ್ಟಿದೆ ಎಂದು ಅಳೆದು, 'ಉಳಿದದ್ದೆಲ್ಲ ಒಳಗಿದೆ' ಎಂದು ಕಳೆದರೆ ಇಂಥ ಸಂಖ್ಯೆ ಸುಲಭವಾಗಿ ಬರುತ್ತದೆ. ನೀರಿಗಾಗದ ಔಷಧ ಕಣಕ್ಕೂ ಹೋಗದೆ, ನೀರಿನಲ್ಲೂ ಇರದೆ, ಹರಳಾಗಿ ತಳಕ್ಕೆ ಕೂತಿರುತ್ತದೆ. ವೇಗದ ಸುತ್ತಿನಲ್ಲಿ ಕಣಗಳ ಜತೆಗೇ ಇಳಿದ ಅದನ್ನೂ ನೀವು 'ಒಳಗಿದೆ' ಎಂದು ಎಣಿಸಿರುತ್ತೀರಿ. ಕಣಗಳನ್ನು ಅಸಿಟೋನೈಟ್ರೈಲಿನಲ್ಲಿ ಕರಗಿಸಿ ಔಷಧವನ್ನು ನೇರವಾಗಿಯೂ ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯಿರಿ. ಕಣದಲ್ಲಿದ್ದದ್ದು, ನೀರಿನಲ್ಲಿದ್ದದ್ದು, ನಿಧಾನದ ಸುತ್ತಿನಲ್ಲಿ ಸಿಕ್ಕಿದ್ದು, ಮೂರನ್ನೂ ಕೂಡಿದರೆ ಹಾಕಿದ 5 ಮಿ.ಗ್ರಾಂ.ಗೆ ಹತ್ತಿರ ಬರಬೇಕು.

ಇನ್ನೊಂದು ಲೆಕ್ಕವನ್ನು ಪ್ರಬಂಧಗಳಲ್ಲಿ ಮೂಲೆಗೆ ತಳ್ಳುತ್ತಾರೆ, ನಮ್ಮ ಅಭಿಪ್ರಾಯದಲ್ಲಿ ಅದೇ ಮುಖ್ಯ. 5 ಮಿ.ಗ್ರಾಂ.ನಲ್ಲಿ ಶೇ 60, ಅಂದರೆ 3 ಮಿ.ಗ್ರಾಂ. ಒಳಗೆ ಸೇರಿತೆನ್ನಿ. ಕಣದ ಒಟ್ಟು ತೂಕ 53 ಮಿ.ಗ್ರಾಂ., ಔಷಧದ ಪಾಲು ಸುಮಾರು ಶೇ 5.7. ರೋಗಿಗೆ 100 ಮಿ.ಗ್ರಾಂ. ಔಷಧ ಬೇಕಾದರೆ ಹೆಚ್ಚುಕಡಿಮೆ 1.8 ಗ್ರಾಂ ಕಣ ಚುಚ್ಚಬೇಕು. ಇದು ಸಾಧ್ಯವೇ ಎಂದು ಮೊದಲ ದಿನವೇ ಕೇಳಿಕೊಂಡರೆ ಎಷ್ಟೋ ವರ್ಷಗಳ ಶ್ರಮ ಉಳಿಯುತ್ತದೆ.

ಚದುರಿದ ಬೆಳಕಿನಿಂದ ಕಣದ ಗಾತ್ರ ಅಳೆಯುವ ಡಿಎಲ್‌ಎಸ್ ಯಂತ್ರ ದಿನಕ್ಕೊಂದು ಗಾತ್ರ ತೋರಿಸುತ್ತದೆ. ಯಾಕೆ?

ಕಣ ಚದುರಿಸುವ ಬೆಳಕು ವ್ಯಾಸದ ಆರನೇ ಘಾತದಂತೆ ಏರುತ್ತದೆ. 1000 ನ್ಯಾನೊಮೀಟರಿನ ಒಂದು ಧೂಳಿನ ಕಣ 100 ನ್ಯಾನೊಮೀಟರಿನ ಹತ್ತು ಲಕ್ಷ ಕಣಗಳಷ್ಟು ಬೆಳಕು ಚದುರಿಸುತ್ತದೆ. ಕ್ಯೂವೆಟ್ (ಮಾದರಿ ಹಾಕುವ ಪುಟ್ಟ ಪಾತ್ರೆ) ತೊಳೆಯುವ ನೀರು, ಮಾದರಿ ತೆಳುಮಾಡುವ ಬಫರ್, ಎರಡನ್ನೂ 0.22 ಮೈಕ್ರಾನ್ ಶೋಧಕದಲ್ಲಿ ಸೋಸಿ. ಮಾದರಿಯನ್ನು ಎರಡು ಮೂರು ಬೇರೆ ಬೇರೆ ಪ್ರಮಾಣದಲ್ಲಿ ತೆಳುಮಾಡಿ ನೋಡಿ, ಗಾತ್ರ ಬದಲಾದರೆ ಮೊದಲಿನದು ದಪ್ಪವಾಗಿತ್ತು. ತಾಪ ಸ್ಥಿರವಾಗಲು ಎರಡು ನಿಮಿಷ ಬಿಡಿ. ಪಿಡಿಐ (ಕಣಗಳ ಗಾತ್ರ ಒಂದಕ್ಕೊಂದು ಎಷ್ಟು ಬೇರೆ ಎಂಬುದರ ಅಳತೆ) 0.2ರೊಳಗಿದ್ದರೆ ಒಳ್ಳೆಯದು, 0.4 ದಾಟಿದರೆ ಸರಾಸರಿ ಗಾತ್ರವನ್ನು ಬರೆಯುವುದೇ ವ್ಯರ್ಥ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಣ ಇನ್ನೂ ಚಿಕ್ಕದಾಗಿ ಕಂಡರೆ ಗಾಬರಿ ಬೇಡ. ಅಲ್ಲಿ ಒಣಗಿದ ಕಣ, ಇಲ್ಲಿ ನೀರಿನ ಹೊದಿಕೆ ಹೊತ್ತು ಚಲಿಸುವ ಕಣ.

ಎಂಆರ್‌ಎನ್‌ಎ ಹೊರುವ ಕೊಬ್ಬಿನ ಕಣಕ್ಕೂ ಇದೇ ವಿಧಾನವೇ?

ಅಲ್ಲ. ಅಲ್ಲಿ ನಾಲ್ಕು ಕೊಬ್ಬುಗಳು: ಅಯಾನಾಗಬಲ್ಲ ಲಿಪಿಡ್ (ಕೊಬ್ಬು), ಡಿಎಸ್‌ಪಿಸಿ ಎಂಬ ಫಾಸ್ಫೊಲಿಪಿಡ್, ಕೊಲೆಸ್ಟರಾಲ್, ಪಿಇಜಿ ಜೋಡಿಸಿದ ಲಿಪಿಡ್. ಪ್ಯಾಟಿಸಿರಾನ್‌ನಲ್ಲಿ ಇವುಗಳ ಮೋಲ್ ಅನುಪಾತ 50:10:38.5:1.5, ಬಹುತೇಕ ಲ್ಯಾಬುಗಳು ಇಲ್ಲಿಂದಲೇ ಶುರುಮಾಡುತ್ತವೆ. ಕೊಬ್ಬುಗಳು ಎಥನಾಲಿನಲ್ಲಿ, ಎಂಆರ್‌ಎನ್‌ಎ ಪಿಎಚ್ 4ರ ಸಿಟ್ರೇಟ್ ಬಫರಿನಲ್ಲಿ. ನೀರಿನ ಮೂರು ಪಾಲಿಗೆ ಎಥನಾಲ್ ಒಂದು ಪಾಲು, ಒಟ್ಟು ಹರಿವು ನಿಮಿಷಕ್ಕೆ 12 ಮಿ.ಲೀ., ಮೈಕ್ರೊಫ್ಲೂಯಿಡಿಕ್ ಚಿಪ್ಪಿನಲ್ಲಿ ಕ್ಷಣಾರ್ಧದಲ್ಲಿ ಬೆರೆಯಬೇಕು. ಪಿಪೆಟ್ಟಿನಿಂದ ಕೈಯಲ್ಲೇ ಬೆರೆಸಿದರೂ ಕಣ ಆಗುತ್ತದೆ, ಆದರೆ ದೊಡ್ಡದು, ಪ್ರತಿಸಲ ಬೇರೆ ಬೇರೆ. ಲಿಪಿಡ್ಡಿನ ಸಾರಜನಕ ಮತ್ತು ಆರ್‌ಎನ್‌ಎಯ ರಂಜಕದ ಅನುಪಾತ ಸಾಮಾನ್ಯವಾಗಿ 6. ಆಮೇಲೆ ಪಿಎಚ್ 7.4ರ ಬಫರಿಗೆ ಡಯಾಲಿಸಿಸ್ ಮಾಡಿ ಎಥನಾಲ್ ತೆಗೆಯಬೇಕು.

ಪಿಎಚ್ ಯಾಕೆ ಇಷ್ಟು ಮುಖ್ಯ? ಆಮ್ಲದಲ್ಲಿ ಆ ಲಿಪಿಡ್ ಧನಾತ್ಮಕವಾಗಿ ಆರ್‌ಎನ್‌ಎಯನ್ನು ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ತಟಸ್ಥವಾಗಿರುತ್ತದೆ, ಜೀವಕೋಶದ ಎಂಡೋಸೋಮ್ ಚೀಲದ ಆಮ್ಲೀಯತೆಯಲ್ಲಿ ಮತ್ತೆ ಧನಾತ್ಮಕವಾಗಿ ಚೀಲವನ್ನು ಹರಿದು ಸರಕನ್ನು ಹೊರಬಿಡುತ್ತದೆ. ಅದಕ್ಕೆ ಅದರ ಪಿಕೆಎ (ಅರ್ಧದಷ್ಟು ಅಣುಗಳು ಧನಾತ್ಮಕವಾಗಿರುವ ಪಿಎಚ್) 6ರಿಂದ 7ರ ನಡುವೆ ಇರಬೇಕು. ಎಷ್ಟು ಆರ್‌ಎನ್‌ಎ ಒಳಗಿದೆ ಎಂದು ತಿಳಿಯಲು ಆರ್‌ಎನ್‌ಎಗೆ ಅಂಟಿ ಹೊಳೆಯುವ ರೈಬೊಗ್ರೀನ್ ಬಣ್ಣವನ್ನು, ಕಣ ಒಡೆಯುವ ಟ್ರೈಟಾನ್ ಹಾಕದೆ ಒಮ್ಮೆ, ಹಾಕಿ ಒಮ್ಮೆ ಅಳೆಯಿರಿ. ಶೇ 90ಕ್ಕಿಂತ ಕಡಿಮೆ ಬಂದರೆ ಮೊದಲು ಬಫರಿನ ಪಿಎಚ್ ನೋಡಿ.

ವೈರಸ್ ಮೇಲೆ ಪರೀಕ್ಷಿಸುವಾಗ ಯಾವ ಹೋಲಿಕೆಗಳು ಬೇಕೇ ಬೇಕು?

ನಾಲ್ಕು ಗುಂಪು: ಔಷಧ ತುಂಬಿದ ಕಣ, ಅಷ್ಟೇ ತೂಕದ ಖಾಲಿ ಕಣ, ಬರೀ ಔಷಧ, ಖಾಲಿ ಕಣ ಮತ್ತು ಬರೀ ಔಷಧದ ಮಿಶ್ರಣ. ಈ ಕೊನೆಯದನ್ನು ಬಿಟ್ಟ ಪ್ರಬಂಧವೊಂದು 'ಕಣದಿಂದ ಪರಿಣಾಮ ಹೆಚ್ಚಿತು' ಎಂದರೆ ಆ ಮಾತಿಗೆ ಆಧಾರವಿಲ್ಲ.

ಕಲಿಯಲು ಎಚ್‌ಎಸ್‌ವಿ-1 (ಹರ್ಪಿಸ್ ವೈರಸ್) ಅನುಕೂಲ, ಬಿಎಸ್‌ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆಯ) ಸೌಲಭ್ಯ ಸಾಕು. ವೀರೊ ಜೀವಕೋಶಗಳು (ಲ್ಯಾಬಿನಲ್ಲಿ ಬೆಳೆಸುವ ಕೋತಿಯ ಮೂತ್ರಪಿಂಡದ ಕೋಶಗಳು) ತಟ್ಟೆ ತುಂಬಿದ ಮೇಲೆ ಅದರ ಪ್ರತಿ ಬಾವಿಗೆ (ಗುಳಿಗೆ) 50ರಿಂದ 100 ಪ್ಲಾಕ್ (ವೈರಸ್ ಜೀವಕೋಶಗಳನ್ನು ಕೊಂದು ಮಾಡಿದ ತೂತು) ಬರುವಷ್ಟು ವೈರಸ್ ಹಾಕಿ, ಒಂದು ಗಂಟೆ 37 ಡಿಗ್ರಿಯಲ್ಲಿಟ್ಟು, ತೊಳೆದು, ಮೀಥೈಲ್ ಸೆಲ್ಯುಲೋಸ್ ಹೊದಿಕೆ ಹಾಕಿ. ಎರಡು ಮೂರು ದಿನದ ಮೇಲೆ ಫಾರ್ಮಲಿನ್‌ನಲ್ಲಿ ಸ್ಥಿರಗೊಳಿಸಿ, ಕ್ರಿಸ್ಟಲ್ ವಯೊಲೆಟ್ ಬಳಿದು ತೂತುಗಳನ್ನು ಎಣಿಸಿ. ಲಕ್ಷಕ್ಕೊಂದು ಪಾಲು ತೆಳುಮಾಡಿದ ಮಾದರಿಯ 0.2 ಮಿ.ಲೀ.ನಲ್ಲಿ 42 ಪ್ಲಾಕ್ ಕಂಡರೆ ಮೂಲದಲ್ಲಿ ಮಿಲಿಲೀಟರಿಗೆ 2.1 ಕೋಟಿ ವೈರಸ್ ಘಟಕಗಳಿವೆ.

ಯಾವಾಗ ಕಣ ಸೇರಿಸಿದಿರಿ ಎಂಬುದರ ಮೇಲೆ ಅರ್ಥ ಪೂರ್ತಿ ಬದಲಾಗುತ್ತದೆ. ವೈರಸ್ ಜತೆ ಮೊದಲೇ ಬೆರೆಸಿದರೆ ನೋಡುತ್ತಿರುವುದು ಹೊರಗೆ ಅಂಟಿಕೊಳ್ಳುವ ಗುಣ. ಸೋಂಕಾದ ಮೇಲೆ ಸೇರಿಸಿದರೆ ಚಿಕಿತ್ಸೆಗೆ ಹತ್ತಿರದ್ದು. ಎರಡನ್ನೂ ಬೇರೆ ಬೇರೆ ಮಾಡಿ. ಸೋಂಕನ್ನು ಅರ್ಧಕ್ಕಿಳಿಸುವ ಪ್ರಮಾಣ ಇಸಿ50, ಅರ್ಧ ಜೀವಕೋಶಗಳನ್ನು ಕೊಲ್ಲುವ ಪ್ರಮಾಣ ಸಿಸಿ50. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆ ಕನಿಷ್ಠ 10 ಇಲ್ಲದಿದ್ದರೆ, ವೈರಸ್ ಕಡಿಮೆಯಾದದ್ದು ಜೀವಕೋಶ ಸಾಯುತ್ತಿರುವುದರಿಂದ ಇರಬಹುದು.

ಬದುಕಿರುವ ಜೀವಕೋಶಗಳನ್ನು ಬಣ್ಣದಿಂದ ಅಳೆಯುವ ಎಂಟಿಟಿ ಪರೀಕ್ಷೆಯಲ್ಲಿ ಜೀವಕೋಶಗಳು ಶೇ 130 ಬದುಕಿವೆ ಎಂದು ಬಂತು!

ಕಣ ಅಳತೆಯನ್ನೇ ಕೆಡಿಸಿದೆ. ಚಿನ್ನದ ಸಣ್ಣ ಕಣಗಳು 520 ನ್ಯಾನೊಮೀಟರಿನ ಆಸುಪಾಸು ಬೆಳಕು ಹೀರುತ್ತವೆ, ಎಂಟಿಟಿ ಬಣ್ಣ ಓದುವ ಜಾಗ ಅದರ ಪಕ್ಕದಲ್ಲೇ ಇದೆ. ಕಾರ್ಬನ್ ನ್ಯಾನೊಟ್ಯೂಬು ಬಣ್ಣದ ಹರಳುಗಳನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಜೀವಕೋಶವಿಲ್ಲದ ಬಾವಿಗೆ ಕಣ ಮತ್ತು ಎಂಟಿಟಿ ಹಾಕಿ ಓದಿ, ಬೇರೆ ತತ್ತ್ವದ ಇನ್ನೊಂದು ಪರೀಕ್ಷೆಯನ್ನೂ ಮಾಡಿ.

ಎಂಡೋಟಾಕ್ಸಿನ್ ವಿಷಯವೂ ಹೀಗೆಯೇ. ಬ್ಯಾಕ್ಟೀರಿಯಾದ ಈ ಉಳಿಕೆ ಕಣಗಳ ಮೇಲೆ ಅಂಟಿ ಕೂತು ಇಂಟರ್‌ಫೆರಾನ್ (ವೈರಸ್ ವಿರುದ್ಧ ಜೀವಕೋಶಗಳೇ ಬಿಡುವ ಪ್ರೋಟೀನು) ಏರಿಸುತ್ತದೆ, ಅದರಿಂದ ವೈರಸ್ ಇಳಿದದ್ದನ್ನು ಕಣದ ಮಹಿಮೆ ಎಂದುಕೊಳ್ಳುತ್ತೇವೆ. ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆಗೆ ಗೊತ್ತಿರುವಷ್ಟು ಎಂಡೋಟಾಕ್ಸಿನ್ ಸೇರಿಸಿ, ಅದರ ಶೇ 50ರಿಂದ 200 ವಾಪಸು ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಆ ಫಲಿತಾಂಶ ಬಳಸಬೇಡಿ.

ಬೆಳ್ಳಿಯ ನ್ಯಾನೊಕಣ, ಅರಿಶಿನದ ನ್ಯಾನೊಕಣ ವೈರಸ್‌ಗೆ ಒಳ್ಳೆಯದಂತೆ, ಕುಡಿಯಬಹುದೇ?

ಕುಡಿಯಬೇಡಿ. ಬೆಳ್ಳಿ ಕಣ ತಟ್ಟೆಯಲ್ಲಿ ವೈರಸ್ಸಿನ ಹೊರ ಪ್ರೋಟೀನುಗಳಿಗೆ ಅಂಟುವುದು ನಿಜ. ರಕ್ತದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಪ್ರೋಟೀನು ಇದೆ, ಬೆಳ್ಳಿ ಮೊದಲು ಅದಕ್ಕೇ ಅಂಟುತ್ತದೆ. ದಿನವೂ ಕುಡಿದವರ ಚರ್ಮ ಶಾಶ್ವತವಾಗಿ ಬೂದು ನೀಲಿಯಾಗಬಹುದು. ಅಮೆರಿಕದ ಎಫ್‌ಡಿಎ 1999ರಲ್ಲೇ ಇಂಥ ಬೆಳ್ಳಿ ದ್ರವಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದು ನಿಯಮ ಹೊರಡಿಸಿತು. ಅರಿಶಿನದ ಕರ್ಕ್ಯುಮಿನ್ ಸೀರಮ್ ಇಲ್ಲದ ತಟಸ್ಥ ಬಫರಿನಲ್ಲಿ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ, ತಾನೇ ಹೊಳೆಯುವುದರಿಂದ ಬೆಳಕಿನ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ಕೊಡುತ್ತದೆ. ಅಡುಗೆಯಲ್ಲಿ ಅದು ಇರಲಿ.

ರಕ್ತಕ್ಕೆ ಚುಚ್ಚಿದ ಕಣ ಸೋಂಕಿನ ಜಾಗಕ್ಕೇ ಹೋಗುತ್ತದೆಯೇ?

ಹೆಚ್ಚಿನದು ಪಿತ್ತಜನಕಾಂಗ ಮತ್ತು ಗುಲ್ಮಕ್ಕೆ ಹೋಗುತ್ತದೆ. ರಕ್ತ ಸೇರಿದ ಕೂಡಲೇ ಪ್ರೋಟೀನುಗಳು ಕಣವನ್ನು ಸುತ್ತಿಕೊಳ್ಳುತ್ತವೆ, ಆ ಹೊದಿಕೆ ನೋಡಿ ಮ್ಯಾಕ್ರೊಫೇಜ್‌ಗಳು (ಹೊರಗಿನ ವಸ್ತುಗಳನ್ನು ನುಂಗುವ ರಕ್ಷಕ ಕೋಶಗಳು) ನುಂಗುತ್ತವೆ. ಕ್ಯಾನ್ಸರ್ ಗಡ್ಡೆಗಳಿಗೆ ಗುರಿಯಿಟ್ಟ ಪ್ರಾಣಿ ಪ್ರಯೋಗಗಳನ್ನು ಒಟ್ಟಾಗಿ ನೋಡಿದ 2016ರ ವಿಶ್ಲೇಷಣೆಯಲ್ಲಿ, ಗಡ್ಡೆ ತಲುಪಿದ್ದು ಚುಚ್ಚಿದ ಪ್ರಮಾಣದ ಶೇ 0.7 ಮಾತ್ರ. ಪಿಇಜಿ ಹೊದಿಸಿದರೆ ಕಣ ಹೆಚ್ಚು ಹೊತ್ತು ಸುತ್ತುತ್ತದೆ, ಆದರೆ ಪಿಇಜಿ ವಿರುದ್ಧವೇ ಪ್ರತಿಕಾಯ ಇರುವವರಲ್ಲಿ ಆ ಲಾಭ ಇಳಿಯುತ್ತದೆ. ಹೆಪಟೈಟಿಸ್ ಬಿಯಂಥ ಪಿತ್ತಜನಕಾಂಗದ ವೈರಸ್‌ಗೆ ಈ ಸ್ವಭಾವ ಅನುಕೂಲ. ಶ್ವಾಸಕೋಶದ ಸೋಂಕಿಗೆ ರಕ್ತನಾಳಕ್ಕಿಂತ ನೆಬ್ಯುಲೈಸರ್ ದಾರಿಯನ್ನು ಮೊದಲು ಯೋಚಿಸಿ, ಹನಿಯಾಗಿ ಒಡೆಯುವ ರಭಸಕ್ಕೆ ನಿಮ್ಮ ಕಣ ಉಳಿಯುತ್ತದೆಯೇ ಎಂಬುದನ್ನೂ ಅಳೆಯಿರಿ.

ಔಷಧದ ಹೆಸರು ಒಂದೇ ಆದರೆ, ನ್ಯಾನೊ ರೂಪವನ್ನು ಅದೇ ಪ್ರಮಾಣದಲ್ಲಿ ಕೊಡಬಹುದೇ?

ಎಂದಿಗೂ ಇಲ್ಲ. ವೈರಸ್ಸಿನದಲ್ಲದಿದ್ದರೂ ಇದಕ್ಕೆ ತಕ್ಕ ಉದಾಹರಣೆ ಶಿಲೀಂಧ್ರಕ್ಕೆ ಕೊಡುವ ಆಂಫೊಟೆರಿಸಿನ್ ಬಿ. 2021ರಲ್ಲಿ ಕೋವಿಡ್ ಹಿಂದೆಯೇ ಕಪ್ಪು ಶಿಲೀಂಧ್ರ ಬಂದಾಗ ಕರ್ನಾಟಕದ ಆಸ್ಪತ್ರೆಗಳೂ ಇದಕ್ಕಾಗಿ ಪರದಾಡಿದವು. ಲೈಪೊಸೋಮ್ (ಕೊಬ್ಬಿನ ಪುಟ್ಟ ಗುಳ್ಳೆ) ರೂಪವನ್ನು ಆ ರೋಗಕ್ಕೆ ದಿನಕ್ಕೆ ಕೆ.ಜಿ. ತೂಕಕ್ಕೆ 5ರಿಂದ 10 ಮಿ.ಗ್ರಾಂ. ಕೊಡುತ್ತಾರೆ. ಹಳೆಯ ಡಿಆಕ್ಸಿಕೋಲೇಟ್ ರೂಪ ಅದೇ ಲೆಕ್ಕದಲ್ಲಿ, ದಿನಕ್ಕೆ ಕೆ.ಜಿ. ತೂಕಕ್ಕೆ 1.5 ಮಿ.ಗ್ರಾಂ. ದಾಟಬಾರದು, ದಾಟಿದರೆ ಹೃದಯ ನಿಲ್ಲಬಹುದು. ಲೈಪೊಸೋಮ್ ರೂಪವನ್ನು ಶೇ 5 ಡೆಕ್ಸ್‌ಟ್ರೋಸಿನಲ್ಲಿ ತೆಳುಮಾಡಬೇಕು, ಸಲೈನ್ ತಗುಲಿದರೆ ಗಸಿಯಾಗುತ್ತದೆ. ಸೀಸೆಯ ಮೇಲಿನ ಪೂರ್ತಿ ಹೆಸರು ಓದದೆ ಮುಟ್ಟಬೇಡಿ.

ಮಲೆನಾಡಿನ ಮಂಗನ ಕಾಯಿಲೆಗೆ ಇಂಥ ಚಿಕಿತ್ಸೆ ಬರಬಹುದೇ?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಜ್ವರ, ರಕ್ತಸ್ರಾವ, ನೀರಿನಂಶ ನೋಡಿಕೊಳ್ಳುವುದೇ ಚಿಕಿತ್ಸೆ. ಕಣ ಹೊರಲು ಮೊದಲು ಒಂದು ಔಷಧ ಬೇಕು, ಇಲ್ಲಿ ಕೊರತೆ ಅದರದ್ದೇ. ಜೀವಂತ ವೈರಸ್ ಮೇಲಿನ ಕೆಲಸಕ್ಕೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿರುವಂಥ ಉನ್ನತ ಸುರಕ್ಷತೆಯ ಲ್ಯಾಬ್ ಬೇಕಾಗುತ್ತದೆ. ಅದೇ ಫ್ಲೇವಿವೈರಸ್ ಕುಟುಂಬದ ಡೆಂಗಿಯ ಮೇಲೆ ಬಿಎಸ್‌ಎಲ್-2ರಲ್ಲೇ ಮೊದಲ ಸುತ್ತಿನ ಪರೀಕ್ಷೆ ಮಾಡಬಹುದು. ಕೆಲವು ರೋಗಿಗಳಲ್ಲಿ ಜ್ವರ ಇಳಿದ ಮೇಲೆ ಎರಡನೇ ಸುತ್ತಿನಲ್ಲಿ ಮೆದುಳಿನ ಲಕ್ಷಣಗಳು ಕಾಣುತ್ತವೆ. ಮೆದುಳಿಗೆ ಔಷಧ ದಾಟಿಸುವ ಕೆಲಸದಲ್ಲಿರುವವರು ಈ ಕಾಯಿಲೆಯತ್ತ ನೋಡಬೇಕೆಂಬುದು ನಮ್ಮ ಬಲವಾದ ಆಸೆ.

ಭಾರತದಲ್ಲಿ ಅನುಮತಿಯ ದಾರಿ ಏನು?

ಜೈವಿಕ ತಂತ್ರಜ್ಞಾನ ಇಲಾಖೆ 2019ರ ಅಕ್ಟೋಬರಿನಲ್ಲಿ ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರತಂದಿತು. ಮೊದಲು ಅದನ್ನು ಓದಿ. ವೈರಸ್ ಮತ್ತು ಜೀನ್ ಕೆಲಸಕ್ಕೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ, ಪ್ರಾಣಿಗಳಿಗೆ ಪ್ರಾಣಿ ನೈತಿಕ ಸಮಿತಿ, ಮನುಷ್ಯರ ಮೇಲಿನ ಪ್ರಯೋಗಕ್ಕೆ ಔಷಧ ನಿಯಂತ್ರಕರ ಒಪ್ಪಿಗೆ, ನೈತಿಕ ಸಮಿತಿ, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ) ನೋಂದಣಿ. ಹೆಚ್ಚಿನವರು ಸಿಕ್ಕಿಕೊಳ್ಳುವುದು ಕಾಗದದಲ್ಲಲ್ಲ, ಬ್ಯಾಚ್‌ನಿಂದ ಬ್ಯಾಚಿಗೆ ಒಂದೇ ಗಾತ್ರ ತರುವುದರಲ್ಲಿ ಮತ್ತು ಕ್ರಿಮಿಶುದ್ಧಿಯಲ್ಲಿ. ಪಿಎಲ್‌ಜಿಎ ಕಣವನ್ನು 121 ಡಿಗ್ರಿಯ ಆಟೊಕ್ಲೇವಿಗೆ ಹಾಕಿದರೆ ಕಣವೇ ಉಳಿಯುವುದಿಲ್ಲ. 0.22 ಮೈಕ್ರಾನ್ ಶೋಧಕದಲ್ಲಿ 200 ನ್ಯಾನೊಮೀಟರಿನ ಹತ್ತಿರದ ಕಣಗಳು ಸಿಕ್ಕಿಕೊಂಡು ಅರ್ಧ ಮಾಲು ಅಲ್ಲೇ ಹೋಗುತ್ತದೆ. ಮುಂದೆ ಚುಚ್ಚುಮದ್ದಾಗಬೇಕು ಎಂದಿದ್ದರೆ ಶುರುವಿನಲ್ಲೇ 150ಕ್ಕಿಂತ ಕೆಳಗೆ ಗುರಿಯಿಡಿ, ಸೋಸುವ ಮೊದಲು ಮತ್ತು ಸೋಸಿದ ಮೇಲೆ ಔಷಧದ ಪ್ರಮಾಣ ಅಳೆದು ಬರೆದಿಡಿ.